ಮನಸ್ಸಿನ ಒತ್ತಡ ಮತ್ತು ಅಶ್ವಗಂಧ: ಕೊಳ್ಳುವ ಮುನ್ನ ಅರಿಯಬೇಕಾದ ಸಂಗತಿಗಳು

(ಮುಂಬಯಿಯ ಧಾರಾವಿಯಲ್ಲಿ ಕನ್ನಡ ಬಾಂಧವರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ದುಡಿಮೆಯನ್ನು ಅರಸಿ ಉತ್ತರ ಕರ್ನಾಟಕದ ಊರುಗಳಿಂದ ಈ ಮಹಾನಗರಕ್ಕೆ ಬಂದು, ಇಲ್ಲಿಯೇ ನೆಲೆಯೂರಿ, ಮಕ್ಕಳಿಗೆ ಕನ್ನಡವನ್ನು ಉಳಿಸಿಕೊಟ್ಟ ನಿಮ್ಮೊಡನೆ ಮಾತನಾಡುವ ಅವಕಾಶ ದೊರೆತುದಕ್ಕೆ ಸಂತೋಷಪಡುತ್ತೇನೆ. ಇಂದು ನಾನು ಯಾವುದೇ ಔಷಧಿಯನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಬಂದಿಲ್ಲ. ಅಂಗಡಿಯಲ್ಲಿ ಅಶ್ವಗಂಧದ ಡಬ್ಬಿಯೊಂದನ್ನು ಕೈಗೆತ್ತಿಕೊಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ಯಾವುವು ಎಂಬುದಷ್ಟೇ ನನ್ನ ಮಾತಿನ ವಿಷಯ.

ಧಾರಾವಿಯ ದಿನಚರಿಯನ್ನು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ಬೆಳಗಿನ ನೀರಿನ ಸರದಿಯಿಂದ ಆರಂಭವಾದ ದಿನ ಚರ್ಮದ ಕೆಲಸದಲ್ಲೋ, ಹೊಲಿಗೆಯ ಯಂತ್ರದ ಮುಂದೆಯೋ, ಪ್ಲಾಸ್ಟಿಕ್ ಮತ್ತು ಲೋಹದ ಗುಜರಿಯನ್ನು ಬೇರ್ಪಡಿಸುವ ಗೋದಾಮಿನಲ್ಲೋ ಕಳೆಯುತ್ತದೆ. ಕೆಲಸ ದೊರೆತ ದಿನ ಕೂಲಿ, ದೊರೆಯದ ದಿನ ಸಾಲ. ಇವುಗಳ ಜೊತೆಗೆ, 2024ರಲ್ಲಿ ಪುನರ್‌ವಿಕಾಸ ಯೋಜನೆಗಾಗಿ ಮನೆಮನೆಯ ಸಮೀಕ್ಷೆ ಆರಂಭವಾದ ಮೇಲೆ, ನಾಳೆ ನಮ್ಮ ನೆಲೆ ಎಲ್ಲಿ ಎಂಬ ಚಿಂತೆಯೂ ಅನೇಕರನ್ನು ಕಾಡಿದೆ. ಇಂತಹ ಸ್ಥಿತಿಯಲ್ಲಿ ನಿದ್ರೆ ಬಾರದಿರುವುದು, ಎದೆ ಡವಗುಟ್ಟುವುದು, ಸಣ್ಣ ಮಾತಿಗೂ ಸಿಡುಕುವುದು ಸಹಜ. ಪರಿಹಾರವನ್ನು ಬಯಸುವುದೂ ಸಹಜ. ಆ ಬಯಕೆ ಯಾವ ದಾರಿಯನ್ನು ಹಿಡಿಯುತ್ತದೆ ಎಂಬುದೇ ಮುಖ್ಯ.

ಮೂಲಿಕೆಯ ಹಿನ್ನೆಲೆ

ಅಶ್ವಗಂಧವು ನಮಗೆ ಹೊಸದಲ್ಲ. ಕನ್ನಡನಾಡಿನಲ್ಲಿ ಇದನ್ನು ಹಿರೇಮದ್ದಿನ ಗಿಡವೆಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ವಿಥಾನಿಯಾ ಸೋಮ್ನಿಫೆರಾ. ಬದನೆ, ಟೊಮೇಟೊಗಳ ಕುಟುಂಬಕ್ಕೆ ಸೇರಿದ ಈ ಗಿಡದ ಬೇರನ್ನು ಔಷಧಿಯಾಗಿ ಬಳಸುವುದು ರೂಢಿ. ಚರಕಸಂಹಿತೆಯು ಇದನ್ನು ಬಲವನ್ನು ಕೊಡುವ ಹಾಗೂ ಕೃಶವಾದ ದೇಹವನ್ನು ತುಂಬಿಸುವ ದ್ರವ್ಯಗಳ ಸಾಲಿನಲ್ಲಿ ಎಣಿಸಿದೆ. ಇಂದು ಇದರ ಬೇಸಾಯಕ್ಕೆ ಹೆಸರಾದ ಪ್ರದೇಶವೆಂದರೆ ಮಧ್ಯಪ್ರದೇಶದ ನೀಮಚ್ ಮತ್ತು ಮಂದಸೌರ್ ಜಿಲ್ಲೆಗಳು.

ಈಗ ಡಬ್ಬಿಗಳ ಮೇಲೆ ಕಾಣಿಸುವ ‘ಅಡಾಪ್ಟೊಜೆನ್’ ಎಂಬ ಪದ ಆಯುರ್ವೇದದ್ದಲ್ಲ. 20ನೆಯ ಶತಮಾನದ ಮಧ್ಯಭಾಗದಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ ಇದನ್ನು ರೂಪಿಸಿದರು. ಒತ್ತಡಕ್ಕೆ ದೇಹವು ಹೊಂದಿಕೊಳ್ಳಲು ನೆರವಾಗುವ ವಸ್ತು ಎಂಬುದು ಇದರ ಅರ್ಥ. ಅನಂತರ ಇದೇ ಹೆಸರಿನಡಿ ಜಿನ್‌ಸೆಂಗ್, ಅಶ್ವಗಂಧ, ತುಳಸಿ ಮೊದಲಾದವುಗಳನ್ನು ಮಾರಾಟ ಮಾಡಲಾರಂಭಿಸಿದರು. ಹೆಸರು ಎಷ್ಟೇ ಆಕರ್ಷಕವಾಗಿದ್ದರೂ ಅದು ಗುಣಮಟ್ಟದ ಮುದ್ರೆಯಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಸಂಶೋಧನೆ ಏನು ಹೇಳುತ್ತದೆ?

ಅಶ್ವಗಂಧದಿಂದ ಪ್ರಯೋಜನವೇ ಇಲ್ಲವೆಂದು ತಳ್ಳಿಹಾಕುವುದು ತಪ್ಪಾದೀತು. 2012ರಲ್ಲಿ ಪ್ರಕಟವಾದ, ಹೈದರಾಬಾದಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ದೀರ್ಘಕಾಲದ ಒತ್ತಡದಿಂದ ಬಳಲುತ್ತಿದ್ದ 64 ಮಂದಿ ಪಾಲ್ಗೊಂಡಿದ್ದರು. ಒಂದು ಗುಂಪಿಗೆ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, 60 ದಿನಗಳ ಕಾಲ ಕೊಡಲಾಯಿತು. ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ಹುಸಿಗುಳಿಗೆಯನ್ನು ಕೊಡಲಾಯಿತು. ಸಾರವನ್ನು ಸೇವಿಸಿದವರಲ್ಲಿ ಒತ್ತಡದ ಅಳತೆಯೂ, ರಕ್ತದಲ್ಲಿನ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನೂ ಹೆಚ್ಚು ತಗ್ಗಿದ್ದುದು ಕಂಡುಬಂದಿತು. ಅನಂತರದ ಕೆಲವು ಪ್ರಯೋಗಗಳೂ ಇದೇ ದಿಕ್ಕನ್ನು ತೋರಿಸಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಸಣ್ಣ ಪ್ರಯೋಗಗಳು, ಎರಡು ಮೂರು ತಿಂಗಳಿಗೆ ಸೀಮಿತವಾದವು. ಆದ್ದರಿಂದ ಈ ಪ್ರಯೋಗಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ಸೇವಿಸುವುದು ಸುರಕ್ಷಿತವೆಂದು ಹೇಳಲಾಗದು.

ಮತ್ತೊಂದು ಮುಖವನ್ನೂ ತಿಳಿಯಬೇಕು. ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ, ಅಶ್ವಗಂಧವುಳ್ಳ ಪೂರಕಗಳನ್ನು ಸೇವಿಸಿದ ಮೇಲೆ ಕಾಮಾಲೆಗೆ ಒಳಗಾದ ಐವರ ವಿವರಗಳನ್ನು ಪ್ರಕಟಿಸಿದರು. ಸೇವನೆಯನ್ನು ನಿಲ್ಲಿಸಿದ ಮೇಲೆ ಅವರಲ್ಲಿ ನಾಲ್ವರು ಚೇತರಿಸಿಕೊಂಡುದು ದಾಖಲಾಗಿದೆ. ಮುಂಬಯಿಯಲ್ಲಿಯೇ 2020ರ ಕೊನೆಯ ತಿಂಗಳುಗಳಲ್ಲಿ, ಕೋವಿಡ್ ಭಯದಿಂದ ಅಮೃತಬಳ್ಳಿಯನ್ನು ಸೇವಿಸುತ್ತಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವೈದ್ಯರು ಗುರುತಿಸಿ 2021ರಲ್ಲಿ ವರದಿ ಮಾಡಿದರು. ಆ ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಅಥವಾ ಅದನ್ನು ಹೋಲುವ ಬೇರೆ ಬಳ್ಳಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಿತ್ತೆಂದು ಆಯುಷ್ ಮಂತ್ರಾಲಯವು ಆಕ್ಷೇಪಿಸಿತು. ಈ ಎರಡು ವಾದಗಳಿಂದಲೂ ನಮಗೆ ದೊರೆಯುವ ಪಾಠ ಒಂದೇ: ಗಿಡದಿಂದ ಬಂದುದೆಲ್ಲವೂ ನಿರಪಾಯವಲ್ಲ, ಯಾವ ಗಿಡ ಎಂಬುದು ತಿಳಿಯದೆ ನುಂಗುವುದಂತೂ ಸಲ್ಲದು.

ಮೊದಲು ತಿಳಿಯಬೇಕಾದುದು: ಇದು ಒತ್ತಡವೇ, ರೋಗವೇ?

ಬಂಧುಗಳೇ, ನನ್ನ ಭಾಷಣದ ಅತಿ ಮುಖ್ಯ ಅಂಶವೆಂದರೆ ಇದು. ಆಯಾಸ, ಹಸಿವಿಲ್ಲದಿರುವಿಕೆ, ರಾತ್ರಿ ಬೆವರುವುದು, ಮೈ ಇಳಿಯುವುದು — ಇವುಗಳನ್ನು ‘ಟೆನ್ಶನ್’ ಎಂದೋ ‘ನಿಶ್ಶಕ್ತಿ’ ಎಂದೋ ಭಾವಿಸಿ ಟಾನಿಕ್ಕಿನ ಮೊರೆಹೋಗುವವರು ಬಹಳ. ಆದರೆ ಇವು ಕ್ಷಯರೋಗದ ಲಕ್ಷಣಗಳೂ ಹೌದು. ಇಕ್ಕಟ್ಟಾದ, ಗಾಳಿಯಾಡದ ಕೋಣೆಗಳಲ್ಲಿ ಕ್ಷಯವು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುತ್ತದೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು, ಸಂಜೆಯ ಜ್ವರ ಅಥವಾ ತೂಕದ ಇಳಿಕೆ ಇದ್ದರೆ, ಚೂರ್ಣದ ಅಂಗಡಿಗೆ ಹೋಗುವ ಮೊದಲು ಕಫದ ಪರೀಕ್ಷೆಗೆ ಹೋಗಬೇಕು. ಸರಕಾರಿ ಹಾಗೂ ಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಪಕ್ಕದ ಶೀವ್‌ನಲ್ಲಿರುವ ಲೋಕಮಾನ್ಯ ತಿಲಕ್ ಪಾಲಿಕಾ ಆಸ್ಪತ್ರೆಯನ್ನು ನೀವೆಲ್ಲ ಬಲ್ಲಿರಿ. ಮೂರು ತಿಂಗಳು ಚೂರ್ಣವನ್ನು ಸೇವಿಸುತ್ತಾ ಕಾದವನು ತನ್ನ ಶ್ವಾಸಕೋಶವನ್ನು ಮಾತ್ರ ಹಾಳುಮಾಡಿಕೊಳ್ಳುವುದಿಲ್ಲ. ಅದೇ ಕೋಣೆಯಲ್ಲಿ ಮಲಗುವ ಮಕ್ಕಳನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಈಗಾಗಲೇ ಕ್ಷಯದ ಚಿಕಿತ್ಸೆಯಲ್ಲಿರುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಆ ಚಿಕಿತ್ಸೆಯಲ್ಲಿ ಬಳಸುವ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಾಮೈಡ್ ಔಷಧಿಗಳು ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕೊಡಬಲ್ಲವು. ಅವುಗಳ ಜೊತೆಗೆ ವೈದ್ಯರಿಗೆ ತಿಳಿಸದೆ ಮೂಲಿಕೆಯನ್ನೂ ಸೇವಿಸಿ ಕಾಮಾಲೆ ಕಾಣಿಸಿಕೊಂಡರೆ, ಯಾವುದರಿಂದ ಬಂದಿತೆಂದು ಗುರುತಿಸುವುದು ಕಷ್ಟವಾಗುತ್ತದೆ. ಪ್ರಾಣವನ್ನು ಉಳಿಸಬೇಕಾದ ಔಷಧಿಯನ್ನೇ ನಿಲ್ಲಿಸಬೇಕಾಗಿ ಬರಬಹುದು.

ಯಾರು ಸೇವಿಸಬಾರದು?

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಅಶ್ವಗಂಧದ ಪೂರಕಗಳನ್ನು ತಾವಾಗಿ ಸೇವಿಸಬಾರದು. ಯಕೃತ್ತಿನ ಕಾಯಿಲೆ ಇರುವವರೂ ಇದರಿಂದ ದೂರವಿರಬೇಕು. ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲುದಾದ್ದರಿಂದ ಆ ಕಾಯಿಲೆಗೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಲೇಬೇಕು. ಮಧುಮೇಹ, ರಕ್ತದೊತ್ತಡ ಹಾಗೂ ನಿದ್ರೆಯ ಮಾತ್ರೆಗಳ ಪರಿಣಾಮವನ್ನು ಇದು ಹೆಚ್ಚಿಸಬಹುದು. ರಾತ್ರಿ ಪಾಳಿಯಲ್ಲಿ ಯಂತ್ರವನ್ನು ನಡೆಸುವವರು, ವಾಹನವನ್ನು ಓಡಿಸುವವರು ಇದು ತೂಕಡಿಕೆಯನ್ನು ತರಬಹುದೆಂಬುದನ್ನು ಗಮನಿಸಬೇಕು.

ಲೇಬಲ್ ಓದುವ ಬಗೆ

ಇವೆಲ್ಲವನ್ನೂ ಪರಿಶೀಲಿಸಿ, ವೈದ್ಯರ ಸಲಹೆ ಪಡೆದ ಬಳಿಕವೂ ಕೊಳ್ಳುವುದಾದರೆ, ಡಬ್ಬಿಯ ಮೇಲೆ ಈ ಕೆಳಗಿನ ಅಂಶಗಳನ್ನು ನೋಡಬೇಕು. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಬಹುದು.

ಮೊದಲನೆಯದಾಗಿ, ಅದು ಔಷಧಿಯೋ ಆಹಾರ ಪೂರಕವೋ? ಆಯುರ್ವೇದ ಔಷಧಿಯು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಗೆ ಒಳಪಟ್ಟಿದ್ದು, ಅದರ ಮೇಲೆ ಆಯುರ್ವೇದ ಔಷಧಿ ಎಂಬ ಮಾತು, ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ ಇರಬೇಕು. ಆಹಾರ ಪೂರಕವಾದರೆ ಎಫ್.ಎಸ್.ಎಸ್.ಎ.ಐ. ಸಂಸ್ಥೆಯ 14 ಅಂಕಿಗಳ ಪರವಾನಗಿ ಸಂಖ್ಯೆಯೂ, ಔಷಧೀಯ ಬಳಕೆಗಲ್ಲ ಎಂಬ ಸೂಚನೆಯೂ ಇರಬೇಕು. ಎರಡೂ ಇಲ್ಲದ ಪೊಟ್ಟಣವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ಎರಡನೆಯದಾಗಿ, ಗಿಡದ ಸಸ್ಯಶಾಸ್ತ್ರೀಯ ಹೆಸರು ಇದೆಯೇ? ಇದು ಏಕೆ ಮುಖ್ಯವೆಂಬುದಕ್ಕೆ ನಮ್ಮ ಮನೆಯ ಉದಾಹರಣೆಯೇ ಸಾಕು. ನಾವು ತಂಬುಳಿ ಮಾಡುವ ಒಂದೆಲಗವನ್ನು ಕರ್ನಾಟಕದಲ್ಲಿ ಬ್ರಾಹ್ಮಿ ಎನ್ನುತ್ತೇವೆ. ಅದು ಸೆಂಟೆಲ್ಲಾ ಏಶಿಯಾಟಿಕಾ. ಆದರೆ ಬ್ರಾಹ್ಮಿ ಎಂಬ ಹೆಸರಿನ ಮಾತ್ರೆಗಳಲ್ಲಿ ಹಲವೊಮ್ಮೆ ಇರುವುದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ. ಹೆಸರು ಒಂದೇ, ಗಿಡಗಳು ಎರಡು.

ಮೂರನೆಯದಾಗಿ, ಗಿಡದ ಯಾವ ಭಾಗ? ಅಶ್ವಗಂಧದಲ್ಲಿ ಬೇರಿಗೆ ಬದಲು ಎಲೆಯನ್ನು ಬಳಸಬಾರದೆಂದು ಆಯುಷ್ ಮಂತ್ರಾಲಯವು 2021ರ ಅಕ್ಟೋಬರಿನಲ್ಲಿ ತಯಾರಕರಿಗೆ ಸೂಚಿಸಿತು. ಆದ್ದರಿಂದ ‘ಬೇರು’ ಎಂದು ಸ್ಪಷ್ಟವಾಗಿ ನಮೂದಿಸಿರುವುದನ್ನೇ ಆರಿಸಬೇಕು.

ನಾಲ್ಕನೆಯದಾಗಿ, ಚೂರ್ಣವೋ ಸಾರವೋ? ಬೇರಿನ ಚೂರ್ಣಕ್ಕೆ ಆಯುರ್ವೇದ ಔಷಧಕೋಶವು ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಸಾರವು ಸಾಂದ್ರವಾದುದರಿಂದ ಮಿಲಿಗ್ರಾಂಗಳ ಲೆಕ್ಕದಲ್ಲಿ ಸಾಕಾಗುತ್ತದೆ. ಚೂರ್ಣದ ಅಳತೆಯಲ್ಲಿ ಸಾರವನ್ನು ಸೇವಿಸಿದರೆ ಪ್ರಮಾಣ ಬಹಳಷ್ಟು ಹೆಚ್ಚಾಗುತ್ತದೆ.

ಐದನೆಯದಾಗಿ, ಒಂದೇ ಮೂಲಿಕೆಯೋ ಅನೇಕವೋ? ಇಪ್ಪತ್ತು ಮೂವತ್ತು ವಸ್ತುಗಳಿರುವ ಮಿಶ್ರಣದಿಂದ ತೊಂದರೆಯಾದರೆ ಯಾವುದರಿಂದ ಎಂದು ತಿಳಿಯದು. ಒಂದೇ ಮೂಲಿಕೆಯುಳ್ಳದ್ದು ಉತ್ತಮ.

ಸಡಿಲವಾಗಿ ಮಾರುವ, ಹೆಸರಿಲ್ಲದ ಪುಡಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅಮೆರಿಕದ ಬೋಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಯಿತು. ಲೋಹವನ್ನು ಕರಗಿಸುವ, ಗುಜರಿಯನ್ನು ಒಡೆಯುವ ಕೆಲಸದಲ್ಲಿರುವವರ ದೇಹಕ್ಕೆ ಕೆಲಸದಿಂದಲೇ ಸೀಸ ಸೇರುವ ಸಾಧ್ಯತೆಯಿದೆ. ಅಂತಹವರು ಔಷಧಿಯ ಹೆಸರಿನಲ್ಲಿ ಅದನ್ನು ಇನ್ನಷ್ಟು ಸೇರಿಸಿಕೊಳ್ಳಬಾರದು. ಎರಡೇ ದಿನಗಳಲ್ಲಿ ನೋವೆಲ್ಲ ಮಾಯವಾಗಿ ಮೈ ತುಂಬಿಕೊಂಡರೆ ಸಂತೋಷಪಡುವ ಬದಲು ಸಂಶಯಪಡಿ. ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು.

ಮಧುಮೇಹ, ರಕ್ತದೊತ್ತಡ, ಕ್ಷಯ ಮೊದಲಾದ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಇಂತಹ ಜಾಹೀರಾತು ಅಥವಾ ಕಲಬೆರಕೆಯ ಸಂಶಯ ಬಂದರೆ ರಾಜ್ಯದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ಕೊಡಬಹುದು. ಅದರ ಮುಖ್ಯ ಕಚೇರಿ ನಿಮ್ಮ ನೆರೆಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿಯೇ ಇದೆ.

ಸೇವಿಸುವಾಗ

ಸೇವನೆಯನ್ನು ಆರಂಭಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಎಂಟು ವಾರಗಳಲ್ಲಿ ನಿದ್ರೆಯಾಗಲಿ ಮನಸ್ಸಿನ ನೆಮ್ಮದಿಯಾಗಲಿ ಸುಧಾರಿಸದಿದ್ದರೆ ನಿಲ್ಲಿಸಿ. ಸುಧಾರಿಸಿದರೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ವೈದ್ಯರ ಸಲಹೆಯಿಲ್ಲದೆ ಮುಂದುವರಿಸಬೇಡಿ. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ನಿಲ್ಲದ ವಾಂತಿ ಕಂಡುಬಂದರೆ ಅಂದೇ ನಿಲ್ಲಿಸಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ವೈದ್ಯರು ಬೈದಾರೆಂದು ಡಬ್ಬಿಯನ್ನು ಮುಚ್ಚಿಡಬೇಡಿ. ಅದರಲ್ಲಿರುವ ಬ್ಯಾಚ್ ಸಂಖ್ಯೆಯೇ ಮತ್ತೊಬ್ಬರನ್ನು ಉಳಿಸಬಹುದು.

ಚೂರ್ಣಕ್ಕೆ ನಿಲುಕದ ನೋವು

ಕೆಲವು ನೋವುಗಳು ಯಾವ ಬೇರಿಗೂ ನಿಲುಕವು. ಎರಡು ವಾರಗಳಿಗೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಕುಡಿತ ಕೈಮೀರಿದ್ದರೆ, ಅದು ಚಿಕಿತ್ಸೆಗೆ ಅರ್ಹವಾದ ಕಾಯಿಲೆ. ನಾಚಿಕೆಪಡುವ ಕಾರಣವಿಲ್ಲ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ–ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಪ್ರಧಾನ ಕೇಂದ್ರ. ಕನ್ನಡದಲ್ಲಿಯೂ ಮಾತನಾಡುವ ಅನುಕೂಲವಿದೆ. ಪರಭಾಷೆಯ ಊರಿನಲ್ಲಿ ತನ್ನ ನೋವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಸಾಧ್ಯವಾಗುವುದು ಸಣ್ಣ ಸಂಗತಿಯಲ್ಲ.

ಕೊನೆಯದಾಗಿ, ಅಶ್ವಗಂಧವನ್ನು ನಮಗೆ ಕೊಟ್ಟ ಆಯುರ್ವೇದವೇ ಹೇಳಿದ ಇನ್ನೊಂದು ಮಾತನ್ನು ನೆನಪಿಸುತ್ತೇನೆ. ಚರಕಸಂಹಿತೆಯ ರಸಾಯನ ಅಧ್ಯಾಯದಲ್ಲಿ ಮೂಲಿಕೆಗಳ ಜೊತೆಗೆ ಆಚಾರ ರಸಾಯನವೆಂಬುದೂ ಇದೆ. ಸತ್ಯವಾಡುವುದು, ಕೋಪವನ್ನು ಬಿಡುವುದು, ಮದ್ಯದಿಂದ ದೂರವಿರುವುದು, ನಿದ್ರೆ ಮತ್ತು ಎಚ್ಚರಗಳನ್ನು ಹಿತಮಿತವಾಗಿಟ್ಟುಕೊಳ್ಳುವುದು, ಹಿರಿಯರ ಸೇವೆ ಮಾಡುವುದು ಅದರ ಅಂಗಗಳು. ನಡತೆಯೂ ಔಷಧಿಯೆಂದು ನಮ್ಮ ಪೂರ್ವಿಕರು ಭಾವಿಸಿದ್ದರು. ಇಕ್ಕಟ್ಟಾದ ಈ ಓಣಿಗಳಲ್ಲಿ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಬಾಗಿಲು ತೆರೆಯುವುದನ್ನು ನೀವು ರೂಢಿಸಿಕೊಂಡಿದ್ದೀರಿ. ಪಕ್ಕದ ಮನೆಯ ಕೆಮ್ಮು ಎರಡು ವಾರ ನಿಲ್ಲದಿದ್ದರೆ ಅವರನ್ನು ಪರೀಕ್ಷೆಗೆ ಕರೆದೊಯ್ಯಿರಿ. ಹೆಸರಿಲ್ಲದ ಪುಡಿಯನ್ನು ಯಾರಾದರೂ ಕೊಳ್ಳುವುದನ್ನು ಕಂಡರೆ ಅದರ ಚೀಟಿಯನ್ನು ಕೇಳಿರಿ. ಈ ಎರಡು ಕೆಲಸಗಳಿಗೆ ಹಣ ಬೇಕಾಗಿಲ್ಲ. ಆದರೆ ಇವುಗಳಿಂದ ಒಂದು ಜೀವ ಉಳಿಯಬಹುದು.