ಎಂಜಿನು ತಾಳ ತಪ್ಪಿದಾಗ

ಉತ್ಸವದ ದಿನ ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಸರಿಯಾಗಿ ಹೆಗಲು ಕೊಡದಿದ್ದರೆ ಏನಾಗುತ್ತದೆಂಬುದನ್ನು ನೀವು ನೋಡಿರಬಹುದು. ಪಲ್ಲಕ್ಕಿ ನಿಲ್ಲುವುದಿಲ್ಲ, ಮುಂದೆ ಸಾಗುತ್ತದೆ. ಆದರೆ ಹೆಜ್ಜೆಹೆಜ್ಜೆಗೂ ಒಂದು ಕಡೆಗೆ ವಾಲುತ್ತದೆ. ಉಳಿದ ಮೂವರ ಉಸಿರು ಮೇಲಾಗುತ್ತದೆ. ನಾಲ್ಕು ಸಿಲಿಂಡರಿನ ಪೆಟ್ರೋಲು ಎಂಜಿನಿನಲ್ಲಿ ಒಂದು ಸಿಲಿಂಡರು ಕೆಲಸ ತಪ್ಪಿಸಿಕೊಂಡಾಗ ಆಗುವುದೂ ಅದೇ. ಗಾಡಿ ಓಡುತ್ತದೆ, ಆದರೆ ನಿಂತಲ್ಲಿ ನಡುಗುತ್ತದೆ, ದಿಣ್ಣೆ ಏರುವಾಗ ಮುಗ್ಗರಿಸುತ್ತದೆ, ಪೆಟ್ರೋಲನ್ನು ಸುಮ್ಮನೆ ಕುಡಿಯುತ್ತದೆ. ನಮ್ಮ ಮೆಕ್ಯಾನಿಕರು ಇದಕ್ಕೆ ಇಟ್ಟಿರುವ ಹೆಸರು ‘ಮಿಸ್ಸಿಂಗ್’. ಪಿಕಪ್ ಗಾಡಿಗೇ ಪಿಕಪ್ ಇಲ್ಲವೆಂದು ಚಾಲಕರು ನಗೆಯಾಡುವುದೂ ಉಂಟು.

ನಮ್ಮ ಬೀದಿಯ ತರಕಾರಿ ವ್ಯಾಪಾರಿಯೊಬ್ಬರು ಕಳೆದ ಮಳೆಗಾಲದಲ್ಲಿ ಇದೇ ಸಂಕಟವನ್ನು ಹೊತ್ತು ನಮ್ಮ ಮನೆಗೆ ಬಂದರು. ಬೆಳಗಿನ ಜಾವ ನಾಲ್ಕಕ್ಕೆ ಮಂಡಿಯ ಮುಂದೆ ನಿಲ್ಲಬೇಕಾದ ಗಾಡಿ ಅವರದು. “ಮೇಷ್ಟ್ರೇ, ನಾಲ್ಕು ಕಾಯಿಲು, ನಾಲ್ಕು ಪ್ಲಗ್ಗು, ನಾಲ್ಕು ಇಂಜೆಕ್ಟರು ಎಲ್ಲಾ ಹೊಸದು ಹಾಕಿಸಿಬಿಡಿ ಅಂತಾರೆ. ಹಾಕಿಸಿಬಿಡಲೇ?” ಎಂದರು. ಅವರ ಕೈಯಲ್ಲಿದ್ದ ಅಂದಾಜು ಚೀಟಿಯ ಮೊತ್ತ ಅವರ ಒಂದು ತಿಂಗಳ ದುಡಿಮೆಗಿಂತ ಕಡಿಮೆಯಿರಲಿಲ್ಲ. ಚೀಟಿ ಬರೆದವರು ಮೋಸಗಾರರೆಂದು ನಾನು ಹೇಳಲಾರೆ. ಆದರೆ ಕೈಕೊಟ್ಟಿರುವುದು ಯಾವ ಸಿಲಿಂಡರು ಎಂಬ ಮೊದಲ ಪ್ರಶ್ನೆಯನ್ನೇ ಅಲ್ಲಿ ಯಾರೂ ಕೇಳಿರಲಿಲ್ಲ.

ಸಿಲಿಂಡರಿನಲ್ಲಿ ಉರಿ ಹತ್ತಬೇಕಾದರೆ ಬೇಕಾಗುವುದು ಮೂರೇ: ಹದವಾದ ಗಾಳಿ-ಪೆಟ್ರೋಲಿನ ಮಿಶ್ರಣ, ಅದನ್ನು ಅದುಮುವ ಒತ್ತಡ, ಸಮಯಕ್ಕೆ ಸರಿಯಾಗಿ ಒಂದು ಕಿಡಿ. ಗಾಡಿ ನಿಂತಲ್ಲೇ ಉರಿಯುತ್ತಿರುವಾಗ ಎಂಜಿನು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಒಮ್ಮೆಯಂತೆ ಪ್ರತಿಯೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ ಹೊತ್ತಿಕೊಳ್ಳಬೇಕು. ಒಂದು ಸಲ ತಪ್ಪಿದರೂ ಕ್ರ್ಯಾಂಕಿನ ತಿರುಗುವಿಕೆ ಎಳ್ಳಷ್ಟು ಮಂದವಾಗುತ್ತದೆ. ನಮ್ಮ ಕಿವಿಗೆ ಕೇಳಿಸದ ಆ ಎಡವನ್ನು ಎಂಜಿನಿನ ಗಣಕ ಗುರುತಿಸಿ, ಮುಂದಿನ ಫಲಕದಲ್ಲಿ ಹಳದಿ ದೀಪ ಹಚ್ಚುತ್ತದೆ. ದೀಪ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕುತ್ತಿದ್ದರೆ ಮಾತ್ರ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ಹೊತ್ತದ ಪೆಟ್ರೋಲು ಹೊಗೆಕೊಳವೆಗೆ ಇಳಿದು, ಅಲ್ಲಿರುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಅದರ ಜೇನುಗೂಡಿನಂಥ ಒಳಭಾಗವನ್ನೇ ಕರಗಿಸಬಲ್ಲದು. ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಲೇಪಿಸಿದ ಆ ವಸ್ತುವಿನ ಬೆಲೆ ಕೇಳಿದರೆ ಪ್ಲಗ್ಗಿನ ಬೆಲೆ ದಕ್ಷಿಣೆಯ ಚಿಲ್ಲರೆಯಂತೆ ಕಾಣುತ್ತದೆ.

2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಗಾಡಿಗಳಲ್ಲೂ, ಅದಕ್ಕೆ ಹಿಂದಿನ ಅನೇಕ ಗಾಡಿಗಳಲ್ಲೂ, ಸ್ಟಿಯರಿಂಗಿನ ಆಸುಪಾಸಿನಲ್ಲಿ 16 ಪಿನ್ನಿನ ಒಂದು ಸಾಕೆಟ್ಟಿರುತ್ತದೆ. ಅಂಗೈಯಗಲದ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ಗಣಕ ಬರೆದಿಟ್ಟ ದೂರು ಓದಲು ಸಿಗುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರು, ಪಿ0304 ಎಂದರೆ ನಾಲ್ಕನೆಯದು. ಪಿ0300 ಎಂದು ಬಂದರೆ ತಪ್ಪು ಒಂದೇ ಕಡೆ ನಿಂತಿಲ್ಲ, ಅಲೆಯುತ್ತಿದೆ ಎಂದರ್ಥ. ಆಗ ಪ್ಲಗ್ಗನ್ನು ಬಿಟ್ಟು, ಎಲ್ಲಕ್ಕೂ ಸಮಾನವಾದ ಪೆಟ್ರೋಲು, ಗಾಳಿ ಇವುಗಳ ಕಡೆ ಮೊದಲು ನೋಡಬೇಕು. ನಮ್ಮ ವ್ಯಾಪಾರಿಯ ಗಾಡಿ ಹೇಳಿದ್ದು ಪಿ0303. ಈ ಸಂಖ್ಯೆ ಸಿಲಿಂಡರನ್ನು ತೋರಿಸುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಅನೇಕರು ಎಡವುವುದು ಇಲ್ಲಿಯೇ.

ಕೈಹಾಕುವ ಮುನ್ನ ಎರಡು ಮಾತು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ಎಂದೂ ಉರಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂತೆಂದು ತಿಳಿಯುವಷ್ಟರಲ್ಲಿ ಕಾಲು ಎತ್ತಿಡಲು ಶಕ್ತಿಯಿರುವುದಿಲ್ಲ. ಇನ್ನು, ಪ್ಲಗ್ಗು ಬಿಚ್ಚುವುದು ಎಂಜಿನು ಪೂರ್ತಿ ತಣ್ಣಗಾದ ಮೇಲೆ. ಬಿಸಿಯಿದ್ದಾಗ ಬಿಚ್ಚಿದರೆ ಅಲ್ಯುಮಿನಿಯಂ ಹೆಡ್ಡಿನ ಮರೆ ಕಿತ್ತುಬಂದೀತು.

ಈಗ ಪರೀಕ್ಷೆ. ಪ್ರತಿ ಸಿಲಿಂಡರಿಗೂ ತನ್ನದೇ ಕಾಯಿಲಿರುವ ಎಂಜಿನಾದರೆ ಇದಕ್ಕೆ ಒಂದು ಸ್ಪ್ಯಾನರಿದ್ದರೆ ಸಾಕು. ಇಗ್ನಿಷನ್ ಆಫ್ ಮಾಡಿ, ಮೂರನೆಯ ಸಿಲಿಂಡರಿನ ಕಾಯಿಲನ್ನು ಕಳಚಿ ಒಂದನೆಯದಕ್ಕೆ ಹಾಕಿ. ಒಂದನೆಯದನ್ನು ಮೂರಕ್ಕೆ ಹಾಕಿ. ಹಳೆಯ ದೂರನ್ನು ಸ್ಕ್ಯಾನರಿನಿಂದ ಅಳಿಸಿ, ಊರೊಳಗೆ ಒಂದು ಸುತ್ತು ಹೋಗಿಬನ್ನಿ. ದೂರು ಪಿ0301ಕ್ಕೆ ಜಿಗಿದಿದ್ದರೆ ಕಳ್ಳ ಸಿಕ್ಕಿದ: ಕಾಯಿಲೇ ಕೆಟ್ಟಿದೆ, ಒಂದನ್ನು ಕೊಂಡರೆ ಮುಗಿಯಿತು. ದೂರು ಮೂರರಲ್ಲೇ ಕೂತಿದ್ದರೆ ಕಾಯಿಲು ನಿರಪರಾಧಿ. ಒಂದು ಸಲಕ್ಕೆ ಒಂದೇ ವಸ್ತುವನ್ನು ಅದಲು ಬದಲು ಮಾಡಬೇಕು. ಆತುರದಲ್ಲಿ ಕಾಯಿಲನ್ನೂ ಪ್ಲಗ್ಗನ್ನೂ ಒಟ್ಟಿಗೆ ಬದಲಿಸಿದರೆ ಕಾಯಿಲೆ ವಾಸಿಯಾದರೂ ಯಾವ ಮದ್ದು ತಾಕಿತೆಂದು ತಿಳಿಯದು. ನಮ್ಮ ಗಾಡಿಯಲ್ಲಿ ದೂರು ಮೂರರಲ್ಲೇ ಇತ್ತು.

ಆಮೇಲೆ ಪ್ಲಗ್ಗು. ಗುಳಿಯಲ್ಲಿರುವ ಧೂಳನ್ನು ಮೊದಲು ಗಾಳಿಯೂದಿ ತೆಗೆಯಿರಿ, ಇಲ್ಲವಾದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ಗಿನ ಮೂತಿಯನ್ನು ವೈದ್ಯರು ನಾಲಿಗೆ ನೋಡುವಂತೆ ನೋಡಬೇಕು. ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಒಣಗಿದ ಕಾಡಿಗೆಯಂತಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಜಿಡ್ಡಾಗಿದ್ದರೆ ಸಿಲಿಂಡರಿಗೆ ಆಯಿಲು ಇಳಿಯುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆಯೆದ್ದಿದ್ದರೆ ಅಳತೆ ಮೀರಿ ಕಾದಿದೆ. ಪೆಟ್ರೋಲಿನಲ್ಲಿ ನೆನೆದಿದ್ದರೆ ಪೆಟ್ರೋಲು ಬಂದಿದೆ, ಆದರೆ ಹೊತ್ತಿಲ್ಲ. ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೀರು ಕಂಡರೆ ಕಿಡಿ ಅಡ್ಡದಾರಿ ಹಿಡಿದಿದೆಯೆಂದು ತಿಳಿಯಬೇಕು. ಆಗ ಪ್ಲಗ್ಗಿನ ಜೊತೆಗೆ ಕಾಯಿಲಿನ ರಬ್ಬರು ಬೂಟನ್ನೂ ಬದಲಿಸಬೇಕು. ತಿರುಗಿ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಸ್ಪ್ಯಾನರು ಕೊನೆಗೆ ಮಾತ್ರ. ನಮ್ಮ ಮೂರನೆಯ ಪ್ಲಗ್ಗು ಒಣಗಿ, ಬಿಳಿಚಿಕೊಂಡು, ಉಪವಾಸ ಬಿದ್ದಂತೆ ಕಂಡಿತು. ಅದನ್ನು ಎರಡನೆಯದರೊಡನೆ ಬದಲಿಸಿ ಓಡಿಸಿದೆವು. ದೂರು ಕದಲಲಿಲ್ಲ.

ಹಾಗಾದರೆ ಕಿಡಿಗೆ ತೊಂದರೆಯಿಲ್ಲ; ಪೆಟ್ರೋಲು ಬರುತ್ತಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಆನಿಸಿದರೆ ಗಡಿಯಾರದಂತೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಹಾಗೆ ಕೇಳುವಾಗ ತಿರುಗುವ ಬೆಲ್ಟಿನಿಂದ ಅಂಗಿಯ ತೋಳು ದೂರವಿರಲಿ. ಮೂರು ಇಂಜೆಕ್ಟರು ಚೆನ್ನಾಗಿ ಮಾತಾಡಿದವು. ಮೂರನೆಯ ಸಿಲಿಂಡರಿನದು ಒಮ್ಮೆ ಟಿಕ್ ಎಂದರೆ ಇನ್ನೊಮ್ಮೆ ಮೌನ. ಆ ಗಾಡಿಯ ಎಂಜಿನು ಸೀಟಿನ ಕೆಳಗಿದೆ. ಟಾರ್ಚು ಹಿಡಿದು ತಂತಿಯ ಜಾಡಿನಲ್ಲಿ ಬೆರಳಾಡಿಸುತ್ತ ಹೋದರೆ ಹಲ್ಲಿನ ಗುರುತು! ಇಲಿ ಕಡಿದಿತ್ತು. ತಂತಿ ಪೂರ್ತಿ ತುಂಡಾಗಿದ್ದರೆ ಗಣಕವೇ ಬೇರೊಂದು ಸಂಕೇತದಿಂದ ಅದನ್ನು ಹೇಳಿಬಿಡುತ್ತಿತ್ತು. ಒಂದೆರಡು ಎಳೆ ಉಳಿದಿದ್ದುದರಿಂದ ಗಾಡಿ ಕುಲುಕಿದಾಗಲೆಲ್ಲ ವಿದ್ಯುತ್ತು ಬಂದು ಹೋಗುತ್ತಿತ್ತು.

ನಿಮ್ಮ ಗಾಡಿಯ ಕಥೆ ಬೇರೆಯಾಗಿರಬಹುದು. ಸಿ.ಎನ್.ಜಿ.ಯಲ್ಲಿ ಮಿಸ್ಸಿಂಗ್ ಬಂದು, ಪೆಟ್ರೋಲಿಗೆ ತಿರುಗಿಸಿದೊಡನೆ ಸರಿಹೋದರೆ ಪ್ಲಗ್ಗು ಕಾಯಿಲುಗಳು ಮುದಿಯಾಗಿರುವ ಸಂಭವವುಂಟು. ಅನಿಲವನ್ನು ಹೊತ್ತಿಸಲು ಬಲವಾದ ಕಿಡಿ ಬೇಕು. ನಿಂತಾಗ ಮಾತ್ರ ನಡುಗಿ, ವೇಗದಲ್ಲಿ ಸರಿಯಾದರೆ ಯಾವುದೋ ರಬ್ಬರು ಕೊಳವೆ ಸೀಳಿ ಕಳ್ಳಗಾಳಿ ಸೇರುತ್ತಿರಬಹುದು. ಉಸ್ ಎಂಬ ಸದ್ದನ್ನು ಹುಡುಕಿ. ಮಳೆಗಾಲದಲ್ಲಿ ಪೆಟ್ರೋಲು ತುಂಬಿಸಿದ ಮರುಗಳಿಗೆಯೇ ಶುರುವಾದರೆ ಟ್ಯಾಂಕಿನ ನೀರನ್ನು ಸಂಶಯಿಸಿ. ಪೆಟ್ರೋಲಿಗೆ ಬೆರೆಸುವ ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ.

ಇಷ್ಟಾದರೂ ತಿಳಿಯದಿದ್ದರೆ ಉಳಿದದ್ದು ಒತ್ತಡ. ಕಂಪ್ರೆಷನ್ ಮಾಪಕದಲ್ಲಿ ಒಂದು ಸಿಲಿಂಡರು ಮಾತ್ರ ತೀರ ಕಡಿಮೆ ತೋರಿಸಿದರೆ, ಅದಕ್ಕೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ಅಳೆಯುವುದುಂಟು. ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟಿನ ತೊಂದರೆ. ಅಲ್ಲಿಂದ ಮುಂದಿನದು ಮನೆಯ ಕೆಲಸವಲ್ಲ.

ಡೀಸೆಲ್ ಗಾಡಿಯವರಿಗೆ ಒಂದು ಎಚ್ಚರಿಕೆ. ಹಿಂದಿನ ಡೀಸೆಲ್ ಎಂಜಿನುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸದ್ದು ಬದಲಾಗುವುದನ್ನು ಕೇಳುತ್ತಿದ್ದರು. ಹೊಸ ಕಾಮನ್ ರೈಲ್ ಎಂಜಿನಿನಲ್ಲಿ ಆ ಪ್ರಯೋಗ ಖಂಡಿತ ಬೇಡ. ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ 1000 ಕಿಲೋಗ್ರಾಂ ದಾಟುತ್ತದೆ. ಕಣ್ಣಿಗೆ ಕಾಣದ ಸೂಜಿಯಂಥ ಧಾರೆ ಚರ್ಮವನ್ನು ತೂರಿ ಒಳಗೆ ಇಳಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಗಾಯ ಚಿಕ್ಕದೆಂದು ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು.

ನಮ್ಮ ವ್ಯಾಪಾರಿಯ ತಂತಿಗೆ ಮೂಲೆಯಂಗಡಿಯ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ, ತೋಳು ತೊಡಿಸಿ ಕೊಟ್ಟ. ಆತ ಕೇಳಿದ್ದು ಅಂದಿನ ಎರಡು ಕ್ರೇಟು ಟೊಮೇಟೊ ಬೆಲೆಗಿಂತ ಹೆಚ್ಚಲ್ಲ. ಮರುದಿನ ನಾಲ್ಕಕ್ಕೆ ಗಾಡಿ ಮಂಡಿಯಲ್ಲಿತ್ತು. ಈಗ ಅವರು ರಾತ್ರಿ ಹಣ್ಣಿನ ವಾಸನೆಯ ಖಾಲಿ ಕ್ರೇಟುಗಳನ್ನು ಗಾಡಿಯಲ್ಲಿ ಬಿಡುವುದಿಲ್ಲ. ಜಗಲಿಯ ಮೇಲೆ ಜೋಡಿಸಿಡುತ್ತಾರೆ. ಇಲಿಗಳು ಅಲ್ಲಿಗೆ ಬರುತ್ತಿವೆಯೆಂದು ಅವರ ಮನೆಯವರ ದೂರು.