ಉತ್ಸವದ ವೇದಿಕೆಯಲ್ಲಿ ಟ್ರ್ಯಾಕ್ ಸಂಗೀತದ ಹದ
(ಉತ್ಸವದ ಸಾಂಸ್ಕೃತಿಕ ಸಭೆಯಲ್ಲಿ ಮಾಡಿದ ಭಾಷಣ)



ದೇವರ ಸನ್ನಿಧಿಯಲ್ಲಿ ಮೈಕಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮಕ್ಕಳು ಹಾಡಿದ್ದು ದೇವರಿಗಂತೂ ಕೇಳಿಸೀತು. ಹಿಂದಿನ ಸಾಲಿನ ಅಜ್ಜಿಗೆ ಕೇಳಿಸಬೇಡವೇ?

ಹಿಂದೆ ಹಾರ್ಮೋನಿಯಂ, ತಬಲಾದವರು ಗಾಯಕರ ದನಿ ನೋಡಿಕೊಂಡು ಕೈ ತಗ್ಗಿಸುತ್ತಿದ್ದರು. ಟ್ರ್ಯಾಕಿಗೆ ಆ ವಿವೇಕವಿಲ್ಲ. ಓಬಳಾಪುರದಂಥ ಗಡಿಯೂರಿನಲ್ಲಿ ದಾಸರ ಪದದ ಬೆನ್ನಿಗೇ ಅನ್ನಮಯ್ಯನ ಕೀರ್ತನೆ ಬರುತ್ತದೆ. ಒಂದರ ಟ್ರ್ಯಾಕು ಹಳೇ ಕ್ಯಾಸೆಟ್ಟಿನಿಂದ ತೆಗೆದದ್ದು, ಇನ್ನೊಂದರದು ನಿನ್ನೆ ಮೊಬೈಲಿಗೆ ಇಳಿಸಿಕೊಂಡದ್ದು. ಅದು ಪಿಸುಗುಟ್ಟಿದರೆ ಇದು ಅರಚುತ್ತದೆ. ಅದರ ಮೇಲೆ ಕೂಗಿ ಕೂಗಿ ಹುಡುಗರ ಗಂಟಲು ಮೂರನೇ ಹಾಡಿಗೇ ಕಟ್ಟಿಕೊಳ್ಳುತ್ತದೆ.

ಮಿಕ್ಸರಿನ ಕೆಂಪು ದೀಪ ಹತ್ತದಿದ್ದರೆ ಎಲ್ಲವೂ ಸರಿ ಎನ್ನುವವರಿದ್ದಾರೆ. ದೀಪ ಹತ್ತುವುದು ಡೋಲಿನ ಒಂದೇ ಏಟಿಗೆ; ಕಿವಿ ಅಳೆಯುವುದು ಇಡೀ ಹಾಡಿನ ಗಟ್ಟಿತನವನ್ನು. ಪ್ರಸಾರ ಕೇಂದ್ರಗಳಿಗೂ ಇದೇ ತೊಡಕಿತ್ತು. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಕಿವಿಗೆ ತಕ್ಕ ಅಳತೆಯೊಂದನ್ನು ಗೊತ್ತುಮಾಡಿತು. ಅದನ್ನೇ ಹಿಡಿದು ಯೂರೋಪಿನ ಪ್ರಸಾರಕರು 2010ರಲ್ಲಿ ಎಲ್ಲ ಕಾರ್ಯಕ್ರಮಗಳಿಗೂ ಮೈನಸ್ 23 ಎಂಬ ಒಂದೇ ಮಟ್ಟ ಇಟ್ಟುಕೊಂಡರು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲೂ ಈಗ ಈ ಅಳತೆ ಸಿಗುತ್ತದೆ. ನಮಗೆ ಆ ಸಂಖ್ಯೆಯೇ ಬೇಕೆಂದಿಲ್ಲ, ನಮ್ಮ ಟ್ರ್ಯಾಕುಗಳೆಲ್ಲ ಒಂದು ಸಂಖ್ಯೆಗೆ ಬಂದರಾಯಿತು. ಗಟ್ಟಿಯಾದದ್ದನ್ನು ತಗ್ಗಿಸಿರಿ. ಮೆಲ್ಲಗಿನದನ್ನು ಮಿತಿಮೀರಿ ಏರಿಸಿದರೆ ಸದ್ದು ಒಡೆದು ಗರಗರ ಎನ್ನುತ್ತದೆ.

ಇಷ್ಟಾದರೂ ಕೊನೆಯ ಮಾತು ಕಿವಿಯದೇ. ಮರಕ್ಕೆ ಕಟ್ಟಿದ ಹಾರನ್ನಿನಲ್ಲಿ ತಗ್ಗಿನ ನಾದ ಸರಿಯಾಗಿ ಬರುವುದೇ ಇಲ್ಲ. ಇಯರ್‌ಫೋನಿನಲ್ಲಿ ಗುಮ್ಮೆಂದ ಮೃದಂಗ ಅಲ್ಲಿ ಬರೀ ಚಿಟಿಚಿಟಿ. ಇನ್ನೊಂದು ವಿಚಾರ: ಸದ್ದು ಕಡಿಮೆಯಾದಷ್ಟೂ ತಗ್ಗಿನ ನಾದ ಕಿವಿಗೆ ಮತ್ತಷ್ಟು ಮಂಕಾಗುತ್ತದೆಂದು ಫ್ಲೆಚರ್, ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ತೋರಿಸಿದರು. ಮನೆಯಲ್ಲಿ ಮೆಲ್ಲಗೆ ಕೇಳಿ ಹೊಂದಿಸಿದ್ದು ಬಯಲಲ್ಲಿ ಹದ ತಪ್ಪುವುದು ಅದಕ್ಕೇ. ಉತ್ಸವದ ಪೆಟ್ಟಿಗೆಗಳಲ್ಲೇ, ಉತ್ಸವದಷ್ಟೇ ಸದ್ದಿನಲ್ಲಿ, ಪ್ರತಿ ಟ್ರ್ಯಾಕಿನ ಅತಿ ಗಟ್ಟಿಯಾದ ಭಾಗವನ್ನು ಅರ್ಧ ನಿಮಿಷ ಕೇಳಿರಿ. ಮೊದಲು ಗಾಯಕರ ದನಿ ನಿಲ್ಲಿಸಿಕೊಂಡು, ಆಮೇಲೆ ಅದರ ಕೆಳಗೆ ಟ್ರ್ಯಾಕು ತನ್ನಿರಿ.

ಎಡ ಬಲಗಳನ್ನು ಕೂಡಿಸಿ ಮೋನೋ ಮಾಡಿರಿ. ಇಲ್ಲದಿದ್ದರೆ ಗಂಡಸರ ಕಡೆಗೆ ತಬಲಾ, ಹೆಂಗಸರ ಕಡೆಗೆ ಕೊಳಲು ಹಂಚಿಹೋದೀತು! ಮೊಬೈಲು ಏರೋಪ್ಲೇನ್ ಮೋಡಿನಲ್ಲಿರಲಿ. ಮಿಕ್ಸರಿನ ಮೇಲೆ ಒಬ್ಬರದೇ ಕೈ ಇರಲಿ, ಅದು ಸಮಿತಿಯವರ ಕೈಯಾಗುವುದು ಬೇಡ.

2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಉತ್ಸವಗಳಿಗಾಗಿ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆದುದರಿಂದ ಈ ಪರೀಕ್ಷೆಯೆಲ್ಲ ಸಂಜೆಯ ಮಂಗಳಾರತಿಗೆ ಮೊದಲೇ ಮುಗಿಯಲಿ.