ಜೈಸಲ್ಮೇರಿನಲ್ಲಿ ಒಂದು ಹಗಲು



ಮರುಭೂಮಿಯೆಂದೊಡನೆ ನಮ್ಮ ಕಣ್ಣೆದುರಿಗೆ ಮರಳೂ ಒಂಟೆಯೂ ಬಂದು ನಿಲ್ಲುವುವು. ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿರುವ ಜೈಸಲ್ಮೇರಿಗೆ ನಾನು ಹೊರಟದ್ದೂ ಅವೆರಡನ್ನು ನೋಡುವುದಕ್ಕಾಗಿಯೇ. ಆದರೆ ಅಲ್ಲಿ ಕಳೆದ ಒಂದು ಹಗಲಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ನೀರು.

ರೈಲಿನಿಂದ ಇಳಿದಾಗ ಇನ್ನೂ ನಸುಕು. ತ್ರಿಕೂಟವೆಂಬ ಗುಡ್ಡದ ಮೇಲಿನ ಕೋಟೆ ಬೂದುಬಣ್ಣದ ಒಂದು ರಾಶಿಯಂತೆ ತೋರುತ್ತಿದ್ದಿತು. ಸೂರ್ಯನು ಮೇಲೇರಿದಂತೆ ಅದು ಅರಿಸಿನದ ಬಣ್ಣಕ್ಕೂ ಅನಂತರ ಜೇನಿನ ಬಣ್ಣಕ್ಕೂ ತಿರುಗಿತು. ಕಲ್ಲೇ ಹಳದಿಯ ಮರಳುಗಲ್ಲು. ಭಾಟಿ ವಂಶದ ರಾವಲ್ ಜೈಸಲನು ಕ್ರಿ.ಶ. ೧೧೫೬ರಲ್ಲಿ ಇದಕ್ಕೆ ಅಸ್ತಿಭಾರ ಹಾಕಿದನು. ಬುರುಜುಗಳು ತೊಂಬತ್ತೊಂಬತ್ತು. ಒಂದರ ಮೇಲೊಂದು ಬರುವ ನಾಲ್ಕು ಬಾಗಿಲುಗಳನ್ನು ದಾಟಿ ಒಳಹೊಕ್ಕರೆ ಅದು ಪಾಳುಬಿದ್ದ ಕೋಟೆಯಲ್ಲ. ಇಂದಿಗೂ ಸಾವಿರಾರು ಜನರು ಅಲ್ಲಿ ಸಂಸಾರ ನಡೆಯಿಸುತ್ತಿದ್ದಾರೆ. ಹಪ್ಪಳ ಒಣಗುತ್ತಿರುತ್ತದೆ, ಹಸು ದಾರಿಗೆ ಅಡ್ಡ ನಿಂತಿರುತ್ತದೆ. ನಾನೂ ಆ ಕೋಟೆಯೊಳಗೇ ಒಂದು ಕೋಣೆ ಹಿಡಿದಿದ್ದೆನು.

ಜೈನ ಬಸದಿಗಳ ಕೆತ್ತನೆಯನ್ನು ಮಾತಿನಲ್ಲಿ ಹೇಳಲು ಹೋಗುವುದಿಲ್ಲ, ಅದು ವ್ಯರ್ಥ. ಆದರೆ ಅವುಗಳಿಗೆ ಸೇರಿದ ಗ್ರಂಥಭಂಡಾರದಲ್ಲಿ ತಾಳೆಯೋಲೆಗಳು ಶತಮಾನಗಳಿಂದ ಕೆಡದೆ ಉಳಿದಿವೆ. ೧೮೭೪ರಲ್ಲಿ ಬ್ಯೂಲರ್ ಮತ್ತು ಯಾಕೋಬಿ ಎಂಬ ವಿದ್ವಾಂಸರು ಅವುಗಳನ್ನು ನೋಡುವುದಕ್ಕಾಗಿಯೇ ಇಷ್ಟು ದೂರ ಬಂದಿದ್ದರು. ನನಗೆ ನಮ್ಮ ಮೂಡಬಿದಿರೆಯ ನೆನಪಾಯಿತು. ಅಲ್ಲಿ ಮಳೆಯ ನಾಡಿನಲ್ಲಿ ಓಲೆಯನ್ನು ಕಾಪಾಡಿದವರ ಶ್ರಮ ಎಷ್ಟಿರಬೇಕು! ಇಲ್ಲಿ ಒಣಹವೆಯೇ ಅರ್ಧ ಕಾವಲುಗಾರ.

ಪಟವರ ಐದು ಹವೇಲಿಗಳನ್ನು ಎಲ್ಲರೂ ನೋಡುತ್ತಾರೆ, ನಾನೂ ನೋಡಿದೆನು. ಮಧ್ಯಾಹ್ನ ಗಡೀಸರ ಕೆರೆಯ ಮೆಟ್ಟಿಲ ಮೇಲೆ ಕುಳಿತೆನು. ಹದಿನಾಲ್ಕನೆಯ ಶತಮಾನದಿಂದ ಊರಿನ ಬಾಯಾರಿಕೆಯನ್ನು ತಣಿಸಿದ ಕೆರೆ ಅದು. ಹೆಂಗಸರು ಕೊಡ ಹೊತ್ತು ಇಲ್ಲಿಂದ ಕೋಟೆಗೆ ಏರುತ್ತಿದ್ದರು. ಈಗ ನಲ್ಲಿ ಬಂದಿದೆ. ಕೆರೆಯಲ್ಲಿ ಪ್ರವಾಸಿಗಳ ದೋಣಿಗಳು ತೇಲುತ್ತಿವೆ.

ನನ್ನ ಕೋಣೆಯ ಪಕ್ಕದ ಮನೆಯ ಮುದುಕಿ ಸಂಜೆ ಜಗುಲಿಯ ಮೇಲೆ ಕುಳಿತು ಇದನ್ನೇ ಹೇಳಿದಳು. "ಬೇಟಾ, ನಾನು ಮದುವೆಯಾಗಿ ಬಂದಾಗ ಎರಡು ಕೊಡ ನೀರಿನಲ್ಲಿ ಮನೆಯ ದಿನ ಕಳೆಯುತ್ತಿತ್ತು. ಸ್ನಾನದ ನೀರು ಗಿಡಕ್ಕೆ ಹೋಗುತ್ತಿತ್ತು. ಈಗ ಎಲ್ಲವೂ ಕೆಳಕ್ಕೆ ಇಳಿಯುತ್ತದೆ."

ಆ ಕೆಳಕ್ಕೆ ಇಳಿಯುವ ನೀರೇ ಕೋಟೆಗೆ ಶತ್ರು. ವರ್ಷಕ್ಕೆ ಹತ್ತಿಪ್ಪತ್ತು ಸೆಂಟಿಮೀಟರಿಗಿಂತ ಹೆಚ್ಚು ಮಳೆ ಕಾಣದ ನಾಡಿಗೆಂದು ಕಟ್ಟಿದ ಗೋಡೆಗಳು ಅವು. ನಲ್ಲಿಯ ನೀರೂ ಬಚ್ಚಲಿನ ನೀರೂ ಗುಡ್ಡದೊಳಕ್ಕೆ ಜಿನುಗಿದಾಗ ಕಲ್ಲಿನ ಕೆಳಗಿನ ಜೇಡಿ ಮೆತ್ತಗಾಗಿ ಗೋಡೆ ಜರುಗುತ್ತದೆ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಕೆಲವು ಭಾಗಗಳು ಕುಸಿದೂ ಹೋದುವು. ೧೯೯೬ರಲ್ಲಿ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಜಾಗತಿಕ ಪಟ್ಟಿಗೆ ಸೇರಿಸಿದರು. ೨೦೧೩ರಲ್ಲಿ ರಾಜಸ್ಥಾನದ ಇನ್ನೈದು ಕೋಟೆಗಳೊಡನೆ ಇದು ವಿಶ್ವಪರಂಪರೆಯ ತಾಣವೆನಿಸಿತು. ಚರಂಡಿ ಸರಿಪಡಿಸುವ ಕೆಲಸಗಳೂ ನಡೆದಿವೆ. ಶತ್ರುಗಳ ಮುತ್ತಿಗೆಗಳನ್ನು ಕಂಡ ಬುರುಜಿಗೆ ನಮ್ಮಂಥ ಅತಿಥಿಗಳ ಸ್ನಾನವೇ ಹೆಚ್ಚಿನ ಭಾರವಾಯಿತೆಂದರೆ ನಗಬೇಕೋ ಅಳಬೇಕೋ ತಿಳಿಯದು.

"ಹಾಗಾದರೆ ನಾವು ಬರಬಾರದೆ, ತಾಯಿ?" ಎಂದು ಕೇಳಿದೆನು.

"ಬಾರದಿದ್ದರೆ ನನ್ನ ಮೊಮ್ಮಗ ಏನು ತಿನ್ನುತ್ತಾನೆ?" ಎಂದಳು. ಅವನು ಅಂಗಡಿಯಲ್ಲಿ ಬೊಂಬೆ ಮಾರುತ್ತಾನೆ.

ಮರಳದಿಬ್ಬದಲ್ಲಿ ಸೂರ್ಯಾಸ್ತವನ್ನು ನೋಡುವುದಕ್ಕೆ ಅಂದು ಹೋಗಲಾಗಲಿಲ್ಲ. ರಾತ್ರಿ ಕೋಣೆಗೆ ಬಂದು ಅರ್ಧ ಬಕೆಟ್ಟು ನೀರು ಹಿಡಿದು ಕೈಕಾಲು ತೊಳೆದುಕೊಂಡೆನು. ನೆಲದ ತೂಬಿನಲ್ಲಿ ಅದು ಇಳಿಯುವ ಸದ್ದು ಬಹಳ ಹೊತ್ತು ಕೇಳುತ್ತಿದ್ದಿತು. ನಸುಕಿಗೆದ್ದು ಗಂಟುಕಟ್ಟಿ, ಕೋಟೆಯ ಕೆಳಗಿನ ಬಯಲಿನಲ್ಲಿ ಬೇರೆ ಕೋಣೆ ನೋಡಿಕೊಂಡೆನು. ಮುದುಕಿ ಬಾಗಿಲಲ್ಲಿ ನಿಂತು, ಚಹ ಕುಡಿಯದೆ ಹೋಗುವೆನೆಂದು ಗದರಿಸಿದಳು.